ಸಾವಿನ ನಂತರದ ದುಃಖ, ದೊಡ್ಡವರ ಮನಸ್ಸಿನ ಆರೈಕೆ: ದಾವಣಗೆರೆಯಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಯಾರನ್ನೋ ಕಳೆದುಕೊಂಡವರು. ಉಳಿದವರು ಖಿನ್ನತೆ, ಆತಂಕ, ನಿದ್ದೆಗೇಡು ಅಂತ ಬರುತ್ತಾರೆ. ಅವರಲ್ಲೂ ಕೆಲವರ ಮಾತು ನಾಲ್ಕನೇ ಭೇಟಿಯ ಹೊತ್ತಿಗೆ ಒಂದು ಹಳೆಯ ಸಾವಿನ ಹತ್ತಿರ ಬಂದು ನಿಲ್ಲುತ್ತದೆ. ಫೋನ್ ಮಾಡಿದವರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಉದಾಹರಣೆಗಳಲ್ಲಿ ಬರುವವರ ಊರು, ವಯಸ್ಸು, ಸಂಬಂಧಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

"ಮನೆಯವರು ಸತ್ತರೆ ದುಃಖ ಆಗೋದು ಸಹಜ. ಅದಕ್ಕೂ ಥೆರಪಿ ಬೇಕಾ?"

ಬಹಳಷ್ಟು ಜನರಿಗೆ ಬೇಕಾಗುವುದಿಲ್ಲ. ದುಃಖ ಕಾಯಿಲೆಯಲ್ಲ. ಅದೂ ಅಲ್ಲದೆ ನಮ್ಮ ಕಡೆ ಸಾವಿನ ಮನೆಯನ್ನು ಜನ ಒಂಟಿಯಾಗಿ ಬಿಡುವುದಿಲ್ಲ. ರಾತ್ರಿಯಿಡೀ ಭಜನೆ, ಪಕ್ಕದ ಮನೆಯಿಂದ ಬರುವ ಅನ್ನ ಸಾರು, ಮೂರನೇ ದಿನದ ಹಾಲು ತುಪ್ಪ, ಆಮೇಲೆ ಶಿವಗಣಾರಾಧನೆಯೋ ಹನ್ನೊಂದರ ತಿಥಿಯೋ. ಮುಸ್ಲಿಮರ ಮನೆಯಲ್ಲಾದರೆ ಮೂರನೇ ದಿನದ ಜಿಯಾರತ್, ನಲವತ್ತನೇ ದಿನದ ಫಾತಿಹಾ. ಅಳುವುದಕ್ಕೂ ಅಲ್ಲಿ ಒಂದು ಜಾಗ, ಒಂದು ಹೊತ್ತು ಇರುತ್ತದೆ. ಹೆಂಗಸರು ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುವುದನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬೆಳೆದವಳು. ಮೊದಲ ವಾರದಲ್ಲಿ ಅದಕ್ಕಿಂತ ಒಳ್ಳೆಯದೇನನ್ನೂ ನಾನು ಕೊಡಲಾರೆ.

ಕಷ್ಟ ಶುರುವಾಗುವುದು ಹನ್ನೆರಡನೇ ದಿನ. ಪೆಂಡಾಲು ಬಿಚ್ಚುತ್ತಾರೆ, ಬಾಡಿಗೆ ಕುರ್ಚಿ ಲೆಕ್ಕ ಮಾಡಿ ಒಯ್ಯುತ್ತಾರೆ, ನೆಂಟರು ಬಸ್ಸು ಹತ್ತುತ್ತಾರೆ. ಅಲ್ಲಿಂದಾಚೆಗೆ ಸತ್ತವರ ಹೆಸರನ್ನು ಯಾರೂ ಎತ್ತುವುದಿಲ್ಲ. "ಎತ್ತಿದ್ರೆ ಮತ್ತೆ ಅಳ್ತಾಳೆ" ಅಂತ. ಪ್ರೀತಿಯಿಂದಲೇ ಸುಮ್ಮನಾಗುತ್ತಾರೆ, ಆದರೆ ಒಳಗಿರುವವರಿಗೆ ಆ ಮೌನ ಇನ್ನೊಂದು ಸಾವಿನ ಹಾಗೆ ಬಡಿಯುತ್ತದೆ.

ನಮ್ಮಪ್ಪ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ನಾನು ಪಿಯುಸಿಯಲ್ಲಿದ್ದಾಗ ತೀರಿಕೊಂಡರು. ಅಮ್ಮ ಅದಾದ ಮೇಲೂ ಮೂರು ತಿಂಗಳು ನಾಲ್ಕು ಜನಕ್ಕೇ ಅಕ್ಕಿ ಅಳೆದಳು. ಪಾವು ತುಂಬಿ, ಅಂಗೈಯಿಂದ ಮೇಲ್ಭಾಗ ಸವರಿ ಸಮ ಮಾಡಿ, ಪಾತ್ರೆಗೆ ಸುರಿಯುವಾಗ ನಾನೂ ತಮ್ಮನೂ ನೋಡುತ್ತಿದ್ದೆವು. ಉಳಿದ ಅನ್ನ ಬೆಳಗ್ಗೆ ಬೀದಿ ಹಸುವಿಗೆ ಹೋಗುತ್ತಿತ್ತು. ಮೂವರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಕೋಣೆ ಇರುವುದು ಹಾಗೆ ಬಾಯಿಗೆ ಬಾರದ ಮಾತುಗಳಿಗಾಗಿ.

"ನೀವು ಡಾಕ್ಟ್ರಾ? ಮಾತ್ರೆ ಬರ್ದು ಕೊಡ್ತೀರಾ?"

ಇಲ್ಲ. ಮಾತ್ರೆ ಬರೆಯುವವರು ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್. ಎಂಬಿಬಿಎಸ್ ಮುಗಿಸಿ ಆಮೇಲೆ ಆ ವಿಷಯದಲ್ಲಿ ಎಂಡಿ ಅಥವಾ ಅಂಥದೇ ಪದವಿ ಪಡೆದವರು. ನಾನು ಮನಶ್ಶಾಸ್ತ್ರ ಓದಿ, ಎರಡು ವರ್ಷದ ಎಂಫಿಲ್ ತರಬೇತಿ ಮುಗಿಸಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಮಾಡಿಸಿಕೊಂಡವಳು. ನನ್ನ ಕೆಲಸ ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ. ಮಾತ್ರೆ ಬೇಕು ಅನ್ನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ, ಎಷ್ಟೋ ಸಲ ಇಬ್ಬರೂ ಒಟ್ಟಿಗೆ ನೋಡಿಕೊಳ್ಳುತ್ತೇವೆ.

ಒಂದು ಮಾತು ಒತ್ತಿ ಹೇಳಬೇಕು. "ಕೌನ್ಸೆಲರ್" ಅಂತ ಬೋರ್ಡು ಹಾಕಿಕೊಂಡವರೆಲ್ಲ ಒಂದೇ ತರಬೇತಿ ಪಡೆದಿರುವುದಿಲ್ಲ. ಯಾರ ಹತ್ತಿರ ಹೋದರೂ ಏನು ಓದಿದ್ದೀರಿ, ನೋಂದಣಿ ಸಂಖ್ಯೆ ಏನು ಅಂತ ಕೇಳಿ. ನನ್ನನ್ನೂ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಮುಂದೆ ನಿಮ್ಮ ಮನೆಯ ಮಾತು ಬಿಚ್ಚಬೇಡಿ.

"ಮೊದಲ ದಿನ ಏನು ಮಾಡ್ತೀರಾ?"

ಕೂತು ಕೇಳುತ್ತೇನೆ. ಐವತ್ತು ನಿಮಿಷ. ನಿದ್ದೆ, ಊಟ, ದೇಹದ ಕಾಯಿಲೆ, ಕುಡಿತ, ಮನೆಯಲ್ಲಿ ಯಾರಿದ್ದಾರೆ, ಸಾಯಬೇಕು ಅನ್ನಿಸುತ್ತದೆಯಾ, ಇಷ್ಟನ್ನು ನೇರವಾಗಿ ಕೇಳುತ್ತೇನೆ. ಥೈರಾಯ್ಡ್, ಬಿ12, ಸಕ್ಕರೆ ಕಾಯಿಲೆ ಇವೂ ಮನಸ್ಸನ್ನು ಕುಗ್ಗಿಸಬಲ್ಲವು, ಹಾಗಾಗಿ ಕೆಲವೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ ಅನ್ನುತ್ತೇನೆ. ತೀರಿಹೋದವರ ಹೆಸರು ಕೇಳುತ್ತೇನೆ. "ನಿಮ್ಮ ಯಜಮಾನ್ರು" ಅಂತಷ್ಟೇ ಅನ್ನದೆ, ಹೆಸರು ಹಿಡಿದೇ ಮಾತಾಡುತ್ತೇನೆ. ಅಳು ಬಂದರೆ ಅಳಬಹುದು. ಬಾರದಿದ್ದರೂ ತಪ್ಪಿಲ್ಲ.

"ದುಃಖಕ್ಕೆ ಐದು ಹಂತ ಅಂತ ವಾಟ್ಸಾಪಲ್ಲಿ ಓದಿದೆ. ನಾನು ಯಾವ ಹಂತದಲ್ಲಿದ್ದೀನಿ?"

ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಇದನ್ನು 1969ರಲ್ಲಿ ಹೇಳಿದವರು ಎಲಿಜಬೆತ್ ಕೂಬ್ಲರ್ ರಾಸ್ ಎಂಬ ವೈದ್ಯೆ. ಆಕೆ ಮಾತಾಡಿಸಿದ್ದು ತಾವೇ ಸಾಯುತ್ತಿದ್ದ ರೋಗಿಗಳನ್ನು. ಹಿಂದೆ ಉಳಿದವರಿಗೆ ಅದನ್ನು ಮೆಟ್ಟಿಲುಗಳ ಹಾಗೆ ಅನ್ವಯಿಸಿದ್ದು ಆಮೇಲೆ. ನಾನು ಕಂಡವರಲ್ಲಿ ಯಾರೂ ಆ ಮೆಟ್ಟಿಲು ಹಿಡಿದು ಹತ್ತಿಲ್ಲ. "ನಂಗೆ ಸಿಟ್ಟೇ ಬರ್ತಿಲ್ಲ, ಏನೋ ತಪ್ಪಾಗಿದೆ" ಅಂತ ಗಾಬರಿಯಾಗಿ ಬಂದವರನ್ನು ಮಾತ್ರ ನೋಡಿದ್ದೇನೆ.

ನನಗೆ ಹೆಚ್ಚು ನಿಜ ಅನ್ನಿಸುವುದು 1999ರಲ್ಲಿ ಸ್ಟ್ರೋಬ ಮತ್ತು ಸ್ಖುಟ್ ಎಂಬ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು ಕೊಟ್ಟ ವಿವರಣೆ. ದುಃಖಿಸುವವರ ಮನಸ್ಸು ಎರಡು ಕಡೆಗೆ ತೂಗುತ್ತದೆ: ಒಮ್ಮೆ ನಷ್ಟದ ಕಡೆಗೆ, ಒಮ್ಮೆ ಬದುಕಿನ ಕೆಲಸದ ಕಡೆಗೆ. ಭದ್ರಾ ನಾಲೆಯ ಅಚ್ಚುಕಟ್ಟಿನವರಿಗೆ ನಾನು ಇದನ್ನು ನಾಲೆಯ ಮಾತಲ್ಲೇ ಹೇಳುತ್ತೇನೆ. ಸರದಿ ಪ್ರಕಾರ ಸ್ವಲ್ಪ ದಿನ ನೀರು ಬಿಡುತ್ತಾರೆ, ಸ್ವಲ್ಪ ದಿನ ನಿಲ್ಲಿಸುತ್ತಾರೆ. ಸದಾ ಹರಿದರೆ ಗದ್ದೆ ಕೊಳೆಯುತ್ತದೆ, ಪೂರಾ ನಿಂತರೆ ಒಣಗುತ್ತದೆ. ಬೆಳಗ್ಗೆ ಪಹಣಿ ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಗೆ ಓಡಾಡಿ, ಸಂಜೆ ಗಂಡನ ಅಂಗಿ ಹಿಡಿದು ಅತ್ತರೆ ನಿಮಗೆ ಏನೂ ಆಗಿಲ್ಲ. ಮಧ್ಯೆ ಒಮ್ಮೆ ನಕ್ಕರೂ ಅದು ಸತ್ತವರಿಗೆ ಮಾಡಿದ ಮೋಸವಲ್ಲ.

"ಎಷ್ಟು ದಿನಕ್ಕೆ ಸರಿ ಹೋಗ್ತೀನಿ?"

ತಾರೀಕು ಹೇಳಲಾರೆ. ಬಹುಪಾಲು ಜನರಿಗೆ ಆರು ತಿಂಗಳು, ವರ್ಷದ ಹೊತ್ತಿಗೆ ದುಃಖದ ಅಲೆಗಳ ನಡುವಿನ ಅಂತರ ಹೆಚ್ಚುತ್ತದೆ. ಆದರೂ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ, ಮಗಳ ಮದುವೆಯಲ್ಲಿ, ಅವರಿಗೆ ಇಷ್ಟವಾಗಿದ್ದ ಮೆಣಸಿನಕಾಯಿ ಮಂಡಕ್ಕಿ ತಟ್ಟೆಗೆ ಬಂದಾಗ ಮತ್ತೆ ಎದೆ ಹಿಂಡುತ್ತದೆ. ಮರೆಯಿಸುವುದು ನನ್ನ ಕೆಲಸವಲ್ಲ. ಮರೆಯಲಿ ಅಂತ ನಾನು ಬಯಸುವುದೂ ಇಲ್ಲ.

ಕೆಲವರಲ್ಲಿ ಮಾತ್ರ ದುಃಖ ಹೆಪ್ಪುಗಟ್ಟಿ ನಿಂತುಬಿಡುತ್ತದೆ. ತಿಂಗಳುಗಳು ಕಳೆದರೂ ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಹೊತ್ತು ಅದೇ ಹಂಬಲ. ಸಾವನ್ನು ನಂಬಲಾಗದಿರುವುದು, ತನ್ನ ಒಂದು ಭಾಗವೇ ಸತ್ತಂತೆ ಅನ್ನಿಸುವುದು, ಕೆಲಸ, ಮಕ್ಕಳು, ಸ್ನೇಹ ಯಾವುದಕ್ಕೂ ಮರಳಲಾಗದಿರುವುದು. ಇದಕ್ಕೆ ದೀರ್ಘಕಾಲದ ಶೋಕದ ತೊಂದರೆ ಎಂಬ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಕನಿಷ್ಠ ಆರು ತಿಂಗಳು ಎನ್ನುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2022ರ ತನ್ನ ಪರಿಷ್ಕೃತ ಪಟ್ಟಿಯಲ್ಲಿ ದೊಡ್ಡವರಿಗೆ ಒಂದು ವರ್ಷ ಎಂದಿದೆ. ಆಯಾ ಸಮುದಾಯದ ರೂಢಿಯನ್ನು ಮೀರಿದ್ದಾಗ ಮಾತ್ರ ಈ ಹೆಸರು ಹಚ್ಚಬೇಕು ಎಂಬ ಎಚ್ಚರಿಕೆಯೂ ಎರಡರಲ್ಲೂ ಇದೆ. ಅದು ನನಗೆ ಬಹಳ ಮುಖ್ಯ. ಗಂಡ ತೀರಿದ ಮೇಲೆ ಮುಸ್ಲಿಂ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂತಿದ್ದರೆ, ಅಂದರೆ ಮನೆಯಲ್ಲೇ ಶೋಕ ಆಚರಿಸಿದ್ದರೆ, ಅದು ಕಾಯಿಲೆಯ ಲಕ್ಷಣವಲ್ಲ.

ಈ ತೊಂದರೆಗೇ ಅಂತ ಕ್ಯಾಥರೀನ್ ಶಿಯರ್ ಎಂಬ ಅಮೆರಿಕದ ವೈದ್ಯೆ ರೂಪಿಸಿದ ಚಿಕಿತ್ಸೆಯೊಂದಿದೆ, ಸುಮಾರು 16 ಭೇಟಿ. ಸಾವಿನ ಸುದ್ದಿ ಬಂದ ಗಳಿಗೆಯನ್ನು ಕಣ್ಣು ಮುಚ್ಚಿ ಹೇಳಿಸುವುದು, ತಪ್ಪಿಸಿಕೊಂಡು ತಿರುಗುತ್ತಿರುವ ಜಾಗಕ್ಕೆ ಮೆಲ್ಲಗೆ ಕರೆದೊಯ್ಯುವುದು, ಸತ್ತವರೊಡನೆ ಮನಸ್ಸಿನಲ್ಲೇ ಮಾತಾಡಿಸುವುದು ಅದರಲ್ಲಿ ಬರುತ್ತವೆ. ಹೈವೇಯಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಹರಿಹರಕ್ಕೆ ಹೋಗಲು ಎರಡು ವರ್ಷ ಸುತ್ತು ದಾರಿ ಹಿಡಿಯುತ್ತಿದ್ದರು. ಒಂಬತ್ತನೇ ವಾರ ಅವರು ತಮ್ಮನ ಬೈಕಿನ ಹಿಂದೆ ಕೂತು ಆ ಜಾಗದಲ್ಲಿ ಇಳಿದರು. "ರೋಡ್ ಸೈಡಲ್ಲಿ ಒಂದು ಬೇವಿನ ಗಿಡ ಐತಿ ಮೇಡಂ, ನಂಗೆ ಗೊತ್ತೇ ಇರಲಿಲ್ಲ" ಅಂದರು. ಅಂದು ಅವರು ಹೇಳಿದ್ದು ಅಷ್ಟೇ, ಆದರೆ ಮುಂದಿನ ವಾರ ಮಗನ ಬಾಲ್ಯದ ಬಗ್ಗೆ ಮೊದಲ ಸಲ ಮಾತಾಡಿದರು.

"ಇದು ದುಃಖವೋ ಖಿನ್ನತೆಯೋ, ಹೇಗೆ ಗೊತ್ತಾಗುತ್ತೆ?"

ದುಃಖ ಅಲೆಯಾಗಿ ಬರುತ್ತದೆ, ನಡುವೆ ಬಿಡುವು ಕೊಡುತ್ತದೆ. ಮೊಮ್ಮಗು ಬಂದು ತೊಡೆಯೇರಿದರೆ ಮುಖ ಸ್ವಲ್ಪ ಸಡಿಲವಾಗುತ್ತದೆ. ಖಿನ್ನತೆಯಲ್ಲಿ ಆ ಬಿಡುವು ಸಿಗುವುದಿಲ್ಲ. ಯಾವುದೂ ರುಚಿಸುವುದಿಲ್ಲ, "ನಾನು ಯಾರಿಗೂ ಬೇಡವಾದವಳು, ಭಾರ" ಎಂಬ ಭಾವ ಎರಡು ವಾರಕ್ಕೂ ಮೀರಿ ಬೆಳಗಿನಿಂದ ರಾತ್ರಿವರೆಗೆ ಕವಿದಿರುತ್ತದೆ. "ಅವರಿದ್ದಲ್ಲಿಗೇ ಹೋಗಿಬಿಡಬೇಕು" ಅಂತ ಒಮ್ಮೊಮ್ಮೆ ಅನ್ನಿಸುವುದನ್ನು ಬಹಳ ಜನ ಹೇಳುತ್ತಾರೆ. ಆದರೆ ಹೇಗೆ, ಯಾವಾಗ ಎಂಬ ಯೋಚನೆ ಶುರುವಾಗಿದ್ದರೆ ಅಂದೇ ಯಾರಿಗಾದರೂ ಹೇಳಬೇಕು. ದುಃಖ, ಖಿನ್ನತೆ ಎರಡೂ ಒಟ್ಟಿಗೇ ಇರಬಹುದು. ದುಃಖದಲ್ಲಿದ್ದಾರೆ ಅನ್ನುವ ಕಾರಣಕ್ಕೆ ಖಿನ್ನತೆಯ ಚಿಕಿತ್ಸೆಯನ್ನು ಮುಂದೂಡುವುದು ತಪ್ಪು.

"ರಾತ್ರಿ ಅವರ ಕೆಮ್ಮು ಕೇಳ್ಸುತ್ತೆ. ನಂಗೆ ಹುಚ್ಚಾ? ಗಾಳಿ ಸೋಕಿದೆಯಾ?"

ಎರಡೂ ಅಲ್ಲ. ಸತ್ತವರ ದನಿ ಕೇಳಿದಂತೆ, ವಾಸನೆ ಬಂದಂತೆ, ಗೇಟು ತೆಗೆದು ಒಳಗೆ ಬಂದಂತೆ ಅನ್ನಿಸುವುದು ತುಂಬ ಸಾಮಾನ್ಯ, ಅದರಲ್ಲೂ ಬಹುಕಾಲ ಸಂಸಾರ ಮಾಡಿದವರಿಗೆ. ಎಷ್ಟೋ ಜನರಿಗೆ ಅದರಿಂದ ಸಮಾಧಾನವೇ ಆಗುತ್ತದೆ, ಹೇಳಿಕೊಳ್ಳಲು ಮಾತ್ರ ಅಂಜಿಕೆ. ಆ ದನಿ ಬೈಯುತ್ತಿದ್ದರೆ, "ನೀನೂ ಬಾ" ಅಂತ ಆಜ್ಞೆ ಮಾಡುತ್ತಿದ್ದರೆ, ಅಥವಾ ಸಂಬಂಧವಿಲ್ಲದ ಬೇರೆ ದನಿಗಳೂ ಕೇಳುತ್ತಿದ್ದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು.

"ಅಪ್ಪ ಹೋದಾಗಿಂದ ಅಣ್ಣ ಒಂದು ಹನಿ ಕಣ್ಣೀರು ಹಾಕಿಲ್ಲ."

ಗಂಡಸರ ದುಃಖ ಬೇರೆ ಬಾಗಿಲಿನಿಂದ ಹೊರಬರುವುದು ಹೆಚ್ಚು. ಸಿಟ್ಟು, ಬೆನ್ನುನೋವು, ಎದೆ ಬಿಗಿತ, ಹಗಲಿರುಳು ಕೆಲಸ, ರಾತ್ರಿ ಕ್ವಾರ್ಟರ್. ಹೆಗಲು ಕೊಟ್ಟು, ಸಮಾಧಿ ಗುಂಡಿ ತೋಡಿಸಿ, ಊಟದ ಲೆಕ್ಕ ನೋಡಿ, ಸಾಲ ತೀರಿಸುವ ಅಣ್ಣನಿಗೆ ಅಳಲು ಯಾರೂ ಒಂದು ಮೂಲೆ ಬಿಟ್ಟುಕೊಟ್ಟಿರುವುದಿಲ್ಲ. "ನೀನೇ ಹಿಂಗಾದ್ರೆ ಮನೆಯವರ ಗತಿ ಏನು, ಗಟ್ಟಿಯಾಗಿರು" ಎನ್ನುವ ಮಾತನ್ನು ದಯವಿಟ್ಟು ಬಿಡಿ. ಅವರನ್ನು ಎದುರಿಗೆ ಕೂರಿಸಿ "ಮಾತಾಡು" ಎಂದರೆ ಆಗುವುದಿಲ್ಲ. ಹೊಲಕ್ಕೆ ಹೋಗುವಾಗ, ಸಂಜೆ ಕುಂದವಾಡ ಕೆರೆ ಏರಿ ಸುತ್ತುವಾಗ, ಪಕ್ಕಪಕ್ಕ ನಡೆಯುತ್ತ ಕೇಳಿ. ಕುಡಿತ ದಿನಾ ಆಗಿದ್ದರೆ ಮಾತ್ರ ಅದನ್ನು ದುಃಖ ಅಂತ ಬಿಡಬೇಡಿ. ಎದೆನೋವನ್ನೂ ಮೊದಲು ವೈದ್ಯರಿಗೆ ತೋರಿಸಿ. ತೀರಾ ಹತ್ತಿರದವರು ತೀರಿಕೊಂಡ ಮೊದಲ ದಿನಗಳಲ್ಲಿ ಹೃದಯಾಘಾತದ ಅಪಾಯ ನಿಜಕ್ಕೂ ಹೆಚ್ಚಿರುತ್ತದೆ.

"ಬಟ್ಟೆ, ಫೋನು, ಕನ್ನಡಕ ಎಲ್ಲ ತೆಗೆದುಬಿಡ್ಬೇಕಾ?"

ನಿಮ್ಮ ಗತಿಯಲ್ಲಿ. ಸೊಸೆಗೋ ನಾದಿನಿಗೋ ಅವಸರ ಇದ್ದರೆ ಅದು ಅವರ ಅವಸರ. ಒಬ್ಬಾಕೆ ತಾಯಿಯ ಸಿಮ್‌ಗೆ ಪ್ರತಿ ತಿಂಗಳು ರೀಚಾರ್ಜ್ ಮಾಡಿಸುತ್ತಾಳೆ, ಕರೆ ಮಾಡುವುದಿಲ್ಲ. ಆ ನಂಬರು ಬೇರೆಯವರಿಗೆ ಹೋಗಬಾರದು, ಅಷ್ಟೇ. ಅದರಿಂದ ಯಾರಿಗೆ ಏನು ತೊಂದರೆ? ಸತ್ತವರೊಡನೆ ಸಂಬಂಧ ಕಡಿದುಕೊಂಡರೇ ಗುಣವಾಗುವುದು ಎಂಬ ಹಳೆಯ ನಂಬಿಕೆಯನ್ನು ನಮ್ಮ ಶಾಸ್ತ್ರವೂ ಬಿಟ್ಟು ಬಹಳ ವರ್ಷವಾಯಿತು. ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಡುವ ನಮಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆ ವಸ್ತುಗಳಿಂದಾಗಿ ಒಂದು ಕೋಣೆಗೆ ಯಾರೂ ಕಾಲಿಡದಂತಾಗಿದ್ದರೆ ಮಾತ್ರ ಬನ್ನಿ, ಮಾತಾಡೋಣ.

"ನಮ್ಮ ಮನೆಯಲ್ಲಿ ಆತ್ಮಹತ್ಯೆ ಆಯ್ತು. ಜನರ ಮುಖ ನೋಡೋಕಾಗ್ತಿಲ್ಲ."

ಈ ಪ್ರಶ್ನೆಗೆ ನಿಧಾನವಾಗಿ ಉತ್ತರಿಸುತ್ತೇನೆ, ಯಾಕೆಂದರೆ ಈ ಮನೆಗಳೇ ಹೆಚ್ಚು ಒಂಟಿಯಾಗುವುದು. ಬೇರೆ ಸಾವಿನಲ್ಲಿ ಜನ "ಹೇಗಿದ್ದೀರಿ" ಅಂತ ಕೇಳುತ್ತಾರೆ, ಇಲ್ಲಿ "ಯಾಕೆ ಮಾಡ್ಕೊಂಡ" ಅಂತ ಕೇಳುತ್ತಾರೆ. ಪೊಲೀಸು, ಪೋಸ್ಟ್‌ಮಾರ್ಟಂ, ಪಂಚನಾಮೆ ಮುಗಿದು ಅಳುವ ಹೊತ್ತಿಗೆ ಕಣ್ಣೀರೇ ಇಂಗಿರುತ್ತದೆ. ಮಳೆ ಕೈಕೊಟ್ಟು, ಬೋರು ಬತ್ತಿ, ಸಾಲ ಹೊತ್ತಿದ್ದ ರೈತರ ಹೆಂಡತಿಯರು ನನ್ನ ಮುಂದೆ ಕೂತು "ಆವತ್ತು ಬೆಳಗ್ಗೆ ಅವರು ಚಹಾ ಬೇಡ ಅಂದ್ರು, ಆಗ್ಲೇ ನಂಗೆ ಗೊತ್ತಾಗ್ಬೇಕಿತ್ತು" ಅನ್ನುತ್ತಾರೆ. ಗೊತ್ತಾಗಬೇಕಿರಲಿಲ್ಲ ತಾಯಿ. ನಡೆದುಹೋದ ಮೇಲೆ ತಿರುಗಿ ನೋಡಿದಾಗ ಕಾಣುವ ಗುರುತುಗಳು ಆವತ್ತು ಚಹಾ ಬೇಡ ಎಂಬ ಮಾತಷ್ಟೇ ಆಗಿದ್ದವು. ಆತ್ಮಹತ್ಯೆಗೆ ಒಂದೇ ಕಾರಣ ಇರುವುದು ಬಹಳ ಅಪರೂಪ; ಸಾಲ, ಕಾಯಿಲೆ, ಕುಡಿತ, ಚಿಕಿತ್ಸೆಯಿಲ್ಲದ ಖಿನ್ನತೆ, ಅವಮಾನ, ಎಷ್ಟೋ ಎಳೆ ಸೇರಿ ಗಂಟಾಗಿರುತ್ತದೆ. ಯಾರದೋ ಒಂದು ಮಾತಿನಿಂದ ಹಾಗಾಯಿತು ಅಂತ ಮನೆಯೊಳಗೇ ತೀರ್ಪು ಕೊಡಬೇಡಿ.

ಇಂಥ ಸಾವಿನ ಮೇಲೆ ಸಿಟ್ಟು ಬರುತ್ತದೆ. ಕೆಲವರಿಗೆ ನೆಮ್ಮದಿಯೂ ಆಗುತ್ತದೆ, ವರ್ಷಗಟ್ಟಲೆ ಕಾವಲು ಕಾದವರಿಗೆ. ಅದನ್ನು ಹೇಳಿದರೆ ನಾನು ಬೆಚ್ಚಿ ಬೀಳುವುದಿಲ್ಲ. ಮನೆಯಲ್ಲಿ ಬೇರೆ ಯಾರಾದರೂ ಪ್ರಯತ್ನಪಟ್ಟು ಉಳಿದಿದ್ದರೆ ಪೊಲೀಸಿನ ಭಯಕ್ಕೆ ಚಿಕಿತ್ಸೆ ತಪ್ಪಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಕರ್ತವ್ಯ.

"2021ರಲ್ಲಿ ಅಮ್ಮ ಕೊರೊನಾದಲ್ಲಿ ಹೋದ್ರು. ಈಗ ಬಂದ್ರೆ ಏನು ಪ್ರಯೋಜನ?"

ಬನ್ನಿ. ಎರಡನೇ ಅಲೆಯಲ್ಲಿ ಎಷ್ಟೋ ಮಕ್ಕಳು ಮುಖ ನೋಡಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ದೂರದಿಂದ ಕಂಡರು. ನೋಡಬೇಕಾದ್ದನ್ನು ನೋಡದೆ ಮನಸ್ಸು ನಂಬುವುದಿಲ್ಲ. ಆಗ ಮಾಡಲಾಗದ್ದನ್ನು ಈಗ ಮನೆಯವರು ಸೇರಿ ಮಾಡಿದ್ದುಂಟು: ಫೋಟೋ ಇಟ್ಟು, ಒಬ್ಬೊಬ್ಬರೂ ಒಂದೊಂದು ನೆನಪು ಹೇಳಿ, ಅವರ ಕೈರುಚಿಯ ಅಡುಗೆ ಮಾಡಿ. ತಡವಾಯಿತು ಅಂತ ದುಃಖ ಬಾಗಿಲು ಹಾಕಿಕೊಳ್ಳುವುದಿಲ್ಲ.

"ಮಠಕ್ಕೆ, ದರ್ಗಾಕ್ಕೆ ಹೋಗ್ತಿದ್ದೀವಿ. ಬಿಡ್ಬೇಕಾ?"

ಬೇಡ. ನೆಮ್ಮದಿ ಸಿಗುವ ಕಡೆ ಹೋಗಿ. ಮಾತ್ರೆ ನಿಲ್ಲಿಸಿ ಎನ್ನುವವರು, ಹೊಡೆದು ಬಡಿದು ಬಿಡಿಸುತ್ತೇವೆ ಎನ್ನುವವರು, ಸಾವಿಗೆ ಸೊಸೆಯ ಕಾಲ್ಗುಣ ಕಾರಣ ಎನ್ನುವವರು ಇದ್ದಲ್ಲಿಗೆ ಮಾತ್ರ ಹೋಗಬೇಡಿ.

"ನಿದ್ದೆ ಮಾತ್ರೆ ಅಭ್ಯಾಸ ಆಗಲ್ವಾ?"

ಕೆಲವು ನಿದ್ದೆ ಮಾತ್ರೆಗಳು ಆಗುತ್ತವೆ, ಅದಕ್ಕೇ ಅವನ್ನು ವೈದ್ಯರು ಸ್ವಲ್ಪ ದಿನಕ್ಕಷ್ಟೇ ಕೊಡುವುದು. ಮೆಡಿಕಲ್ ಶಾಪಿನಲ್ಲಿ ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗಬೇಡಿ. ಖಿನ್ನತೆಯ ಮಾತ್ರೆಗಳು ಬೇರೆ ಜಾತಿಯವು, ಚಟ ಹಿಡಿಸುವುದಿಲ್ಲ. ಅವು ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಹತ್ತು ದಿನ ನುಂಗಿ "ಏನೂ ಆಗ್ಲಿಲ್ಲ" ಅಂತಲೋ, ಎರಡು ತಿಂಗಳಿಗೆ "ಹುಷಾರಾದೆ" ಅಂತಲೋ ತಟ್ಟನೆ ಬಿಟ್ಟರೆ ತೊಂದರೆ. ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು.

"ನಿಮ್ಮ ಹತ್ರ ಬಂದಿದ್ದು ಯಾರಿಗೂ ಗೊತ್ತಾಗ್ಬಾರ್ದು."

ಈ ಊರಲ್ಲಿ ಬೆಣ್ಣೆದೋಸೆ ತಿನ್ನಲು ಹೋದರೂ ನಾಲ್ಕು ಜನ ಪರಿಚಯದವರು ಸಿಗುತ್ತಾರೆ, ಹಾಗಾಗಿ ನಿಮ್ಮ ಅಂಜಿಕೆ ಅರ್ಥವಾಗುತ್ತದೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಇಪ್ಪತ್ತು ನಿಮಿಷ ಬಿಡುತ್ತೇನೆ, ಮೆಟ್ಟಿಲಲ್ಲಿ ಎದುರಾಗದಿರಲಿ ಅಂತ. ಬೀದಿಯಲ್ಲಿ ಸಿಕ್ಕರೆ ನೀವು ಮಾತಾಡಿಸುವವರೆಗೆ ನಾನು ಮಾತಾಡಿಸುವುದಿಲ್ಲ. ಗುಟ್ಟು ಕಾಪಾಡುವುದು ನನ್ನ ಸೌಜನ್ಯವಷ್ಟೇ ಅಲ್ಲ, 2017ರ ಕಾಯ್ದೆಯಲ್ಲಿ ಅದು ನಿಮ್ಮ ಹಕ್ಕು. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ ಮಾತ್ರ ಹೇಳಬೇಕಾಗುತ್ತದೆ. ಫೀಸು ಕೊಟ್ಟದ್ದು ಗಂಡನೇ ಆದರೂ ಹೆಂಡತಿಯ ಮಾತು ಗಂಡನಿಗೆ ಹೋಗುವುದಿಲ್ಲ.

"ಅಷ್ಟು ದುಡ್ಡಿಲ್ಲ. ಹಳ್ಳಿಯಿಂದ ಬರೋದೂ ಕಷ್ಟ."

ನನ್ನ ಹತ್ತಿರ ಫೀಸು ಕಡಿಮೆ ಮಾಡಿಸಿಕೊಳ್ಳಲು ಕಾರಣ ಹೇಳಬೇಕಿಲ್ಲ, ಆಗುವುದಿಲ್ಲ ಅಂದರೆ ಸಾಕು. ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯವರಿಗೆ ಮೊದಲ ಭೇಟಿಯ ನಂತರ ಫೋನಿನಲ್ಲೂ ಮಾತಾಡುತ್ತೇನೆ. ಮನೆಯಲ್ಲಿ ಏಕಾಂತ ಸಿಗದಿದ್ದರೆ ತೋಟದಿಂದ ಮಾಡಿ.

ಇದಲ್ಲದೆ ಸರ್ಕಾರಿ ವ್ಯವಸ್ಥೆಯೂ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ದಾವಣಗೆರೆಯಲ್ಲಾದರೆ ಚಿಗಟೇರಿ ಆಸ್ಪತ್ರೆ. ಈ ಕಾರ್ಯಕ್ರಮಕ್ಕೆ ದಾರಿ ತೋರಿಸಿದ್ದು ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದ್ದನ್ನೇ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೆ ಹರಡಿದರು.

"ರಾತ್ರಿ ಎರಡು ಗಂಟೆಗೆ ತಡೆಯೋಕಾಗ್ಲಿಲ್ಲ ಅಂದ್ರೆ?"

ನನ್ನ ಫೋನು ಆಗ ಆಫ್ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಟೆಲಿಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಆಗಲೇ ಅಪಾಯವಾಗಿದ್ದರೆ 108 ಅಥವಾ 112. ಮನೆಯವರು ಆ ರಾತ್ರಿ ಅವರನ್ನು ಒಂಟಿ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ಹೊರಗೆ ಬೀಗ ಹಾಕಿಡಿ.

"ಸಾವಿನ ಮನೆಗೆ ಹೋದ್ರೆ ಏನು ಮಾತಾಡ್ಬೇಕು?"

"ದೇವರಿಗೆ ಒಳ್ಳೆಯವರೇ ಬೇಕು", "ಇನ್ನೊಂದು ಮಗು ಆಗುತ್ತೆ ಬಿಡು", "ಪುಣ್ಯವಂತ, ನರಳಲಿಲ್ಲ" ಇವು ಬೇಡ. ಮಾತು ತೋಚದಿದ್ದರೆ ಕೈ ಹಿಡಿದು ಕೂತರೆ ಆಯಿತು. ಏನಾದರೂ ಬೇಕಿದ್ದರೆ ಹೇಳಿ ಅನ್ನುವುದಕ್ಕಿಂತ ಗ್ಯಾಸ್ ಬುಕ್ ಮಾಡಿ, ಮಗುವನ್ನು ಶಾಲೆಯಿಂದ ಕರೆತನ್ನಿ, ಬ್ಯಾಂಕಿಗೆ ಜೊತೆಗೆ ಹೋಗಿ. ಎಲ್ಲಕ್ಕಿಂತ ಮುಖ್ಯವಾಗಿ ಇಪ್ಪತ್ತನೇ ದಿನ ಇನ್ನೊಮ್ಮೆ ಹೋಗಿ, ಮೂರನೇ ತಿಂಗಳಲ್ಲಿ ಮತ್ತೊಮ್ಮೆ.

ಅಪ್ಪ ಹೋದ ಮೇಲೆ ಹಿಂದಿನ ಬೀದಿಯ ಒಬ್ಬ ಅಜ್ಜಿ ಹಾಗೆ ಬರುತ್ತಿದ್ದಳು. ಜಗಲಿ ಮೇಲೆ ಕೂತು, ಅಮ್ಮನ ಮೊರವನ್ನು ತನ್ನ ಕಡೆ ಎಳೆದುಕೊಂಡು ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದಳು. ಒಂದು ದಿನ ತಲೆ ಎತ್ತದೆಯೇ ಅಪ್ಪನ ಹೆಸರು ಹಿಡಿದು "ಅವ್ನಿಗೆ ಬೇಳೆಸಾರಿಗೆ ಹಿಂಗು ಜಾಸ್ತಿ ಬೇಕಿತ್ತಲ್ಲೇ" ಅಂದಳು. ಅಮ್ಮ "ಹೂಂ, ಇಲ್ದಿದ್ರೆ ತಟ್ಟೆ ಸರಿಸೋರು" ಅಂದಳು. ಆಮೇಲೆ ಇಬ್ಬರೂ ಕಲ್ಲು ಆರಿಸುತ್ತ ಅಪ್ಪನ ಬಗ್ಗೆ ದೀಪ ಹಚ್ಚುವ ಹೊತ್ತಿನವರೆಗೆ ಮಾತಾಡಿದರು.